ನಾಯಿ ತಿಂದರೆಂಬ ಸುಳ್ಳು ಮತ್ತು ನಮ್ಮ ನಗು

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡೇ ಮಾತು ಶುರು ಮಾಡುತ್ತೇವೆ. ನಾವೂ ನಕ್ಕೆವು.

2024ರ ಸೆಪ್ಟೆಂಬರ್ 11ರ ಬೆಳಗ್ಗೆ ಆರೂವರೆ ಗಂಟೆ. ಅಮೆರಿಕದಲ್ಲಿ ಆಗ 10ನೇ ತಾರೀಖಿನ ರಾತ್ರಿ ಒಂಬತ್ತು. ಸಂಘಟನೆಯ ಕೋಣೆಯಲ್ಲಿ ನಾವು ಏಳೆಂಟು ಜನ ಸೇರಿದ್ದೆವು. ನಡುವೆ ಒಂದು ಮೊಬೈಲನ್ನು ಚೊಂಬಿಗೆ ಒರಗಿಸಿ ನಿಲ್ಲಿಸಿಕೊಂಡು, ಟೀ ಕುಡಿಯುತ್ತಾ, ಫಿಲಡೆಲ್ಫಿಯಾ ನಗರದಲ್ಲಿ ಡೊನಾಲ್ಡ್ ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ನಡುವೆ ನಡೆದ ಅಧ್ಯಕ್ಷೀಯ ಚರ್ಚೆ ನೋಡುತ್ತಿದ್ದೆವು. ಅರ್ಧ ಗಂಟೆ ಆಗಿರಬೇಕು. ಟ್ರಂಪ್ ಹೇಳಿದ: ಸ್ಪ್ರಿಂಗ್‌ಫೀಲ್ಡ್ ಅನ್ನುವ ಊರಲ್ಲಿ ಅವರು ನಾಯಿಗಳನ್ನ ತಿಂತಿದ್ದಾರೆ, ಬಂದು ಸೇರಿಕೊಂಡ ಆ ಜನ, ಬೆಕ್ಕುಗಳನ್ನ ತಿಂತಿದ್ದಾರೆ, ಅಲ್ಲಿ ಇರೋರು ಸಾಕಿಕೊಂಡ ಪ್ರಾಣಿಗಳನ್ನ ತಿಂತಿದ್ದಾರೆ.

ನಾವು ಗೊಳ್ಳಂತ ನಕ್ಕೆವು. ಒಬ್ಬ ಹುಡುಗನಿಗಂತೂ ಟೀ ನೆತ್ತಿಗೆ ಹತ್ತಿತು. ಇಷ್ಟು ದೊಡ್ಡ ದೇಶದ ಅಧ್ಯಕ್ಷನಾಗಿದ್ದವನು, ಮತ್ತೆ ಆಗಬೇಕು ಅನ್ನುವವನು, ಇಂಥಾ ಮಾತು ಆಡ್ತಾನಲ್ಲ ಅಂತ ನಗು. ಮೂಲೆಯಲ್ಲಿ ಕೂತಿದ್ದ ಪ್ರೈಮರಿ ಸ್ಕೂಲಿನ ಮೇಷ್ಟ್ರೊಬ್ಬರು ಮಾತ್ರ ನಗಲಿಲ್ಲ. ‘ನಗಬ್ಯಾಡ್ರಪ್ಪ. ಈ ಮಾತು ನಂಗೆ ಹೊಸದಲ್ಲ. ನಮ್ಮ ಸ್ಕೂಲಲ್ಲಿ ಕೇರಿ ಮಕ್ಕಳು ಹತ್ರ ಕೂತ್ರೆ, ಏನ್ ತಿಂದ್ಕೊಂಡು ಬಂದ್ಯೋ ಅಂತ ಪಕ್ಕದ ಹುಡುಗ್ರು ಮೂಗು ಮುಚ್ಕೊಂತವೆ’ ಅಂದರು.

ಕೋಣೆ ತಣ್ಣಗಾಯಿತು. ಮೊಬೈಲಿನಲ್ಲಿ ಅವರಿಬ್ಬರೂ ಮಾತಾಡುತ್ತಲೇ ಇದ್ದರು.

ಆ ಮೇಷ್ಟ್ರ ಒಂದು ಮಾತು ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ. ಈ ಬರಹ ಅದಕ್ಕೆ ನಾವು ಕಟ್ಟುತ್ತಿರುವ ದಂಡ. ಟ್ರಂಪನ ಸುಳ್ಳಿನ ಬಗ್ಗೆ ಜಗತ್ತೆಲ್ಲ ಬರೆದಾಗಿದೆ. ನಾವು ಬರೆಯಬೇಕಾದದ್ದು ಆ ಸುಳ್ಳಿಗೆ ಸಿಕ್ಕ ನಗುವಿನ ಬಗ್ಗೆ.

*

ಏನಾಯಿತು ಅಂತ ಸರಿಯಾಗಿ ನೋಡೋಣ. ವೇದಿಕೆ ರಾಷ್ಟ್ರೀಯ ಸಂವಿಧಾನ ಕೇಂದ್ರ. ನಡೆಸಿದ್ದು ಎಬಿಸಿ ಎಂಬ ಟಿ.ವಿ. ಕಂಪನಿ. ಪ್ರಶ್ನೆ ಕೇಳಿದವರು ಡೇವಿಡ್ ಮ್ಯೂರ್ ಮತ್ತು ಲಿಂಸೆ ಡೇವಿಸ್. ತೊಂಬತ್ತು ನಿಮಿಷದ ಚರ್ಚೆ, ನಡುವೆ ಜಾಹೀರಾತಿಗೆ ಬಿಡುವು. ಸಭಿಕರಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕು ಬಂದ್. ಅಮೆರಿಕ ಒಂದರಲ್ಲೇ ಸುಮಾರು 6 ಕೋಟಿ 70 ಲಕ್ಷ ಜನ ನೋಡಿದರು.

ಟ್ರಂಪ್ ಆ ಮಾತು ಆಡಿದ ಕೂಡಲೇ ಮ್ಯೂರ್ ತಡೆದು, ನಾವು ಆ ಊರಿನ ಆಡಳಿತಾಧಿಕಾರಿಯನ್ನು ವಿಚಾರಿಸಿದ್ದೇವೆ, ಅಂಥಾದ್ದು ನಡೆದದ್ದಕ್ಕೆ ನಂಬುವಂಥ ವರದಿ ಒಂದೂ ಇಲ್ಲವೆಂದರು, ಅಂತ ಹೇಳಿದ. ಟ್ರಂಪ್ ಬಿಡಲಿಲ್ಲ. ನಾನು ಟಿ.ವಿ.ಯಲ್ಲಿ ನೋಡಿದೀನಿ, ನಮ್ಮ ನಾಯಿ ಹೋಯ್ತು ಅಂತ ಜನ ಟಿ.ವಿ.ಯಲ್ಲಿ ಹೇಳ್ತಿದ್ದಾರೆ ಅಂದ. ಟಿ.ವಿ.ಯಲ್ಲಿ ನಿಂತವನಿಗೆ ಟಿ.ವಿ.ಯೇ ಸಾಕ್ಷಿ! ಆದರೂ ಮ್ಯೂರ್ ಮಾಡಿದ ಕೆಲಸ ಸಣ್ಣದಲ್ಲ. ನಮ್ಮಲ್ಲಿ ಎಷ್ಟು ಜನ ನಿರೂಪಕರು ಅಧಿಕಾರಸ್ಥರ ಮುಖದ ಮೇಲೆ ‘ನೀವು ಹೇಳಿದ್ದು ನಿಜವಲ್ಲ’ ಅಂತ ಅನ್ನುತ್ತಾರೆ? ಅದಕ್ಕೆ ಅವನಿಗೆ ಒಂದು ನಮಸ್ಕಾರ.

ಆಮೇಲೆ ಸರದಿ ಕಮಲಾ ಹ್ಯಾರಿಸ್‌ದು. ಆಕೆ ನಕ್ಕಳು. ಅತಿರೇಕ ಅಂದ್ರೆ ಇದು ನೋಡಿ ಅನ್ನುವ ಅರ್ಥದ ಮಾತು ಆಡಿದಳು. ಅಲ್ಲಿಂದ ನೇರವಾಗಿ, ಇದಕ್ಕೇ ನನಗೆ ಇನ್ನೂರು ಜನ ರಿಪಬ್ಲಿಕನ್ನರ ಬೆಂಬಲ ಇದೆ, ಡಿಕ್ ಚೇನಿಯವರ ಬೆಂಬಲ ಇದೆ, ಅಂತ ಪಟ್ಟಿ ಓದಿದಳು. ಡಿಕ್ ಚೇನಿ ಯಾರು? 2003ರಲ್ಲಿ ಇರಾಕಿನ ಮೇಲೆ ಯುದ್ಧ ಹೂಡಿದಾಗ ಅಮೆರಿಕದ ಉಪಾಧ್ಯಕ್ಷನಾಗಿದ್ದವನು. ನಾಯಿ ತಿಂದವರು ಅಂತ ಅನ್ನಿಸಿಕೊಂಡ ಬಡವರ ಪರವಾಗಿ ಒಂದು ಮಾತು ಬರಬೇಕಾದ ಜಾಗದಲ್ಲಿ ಡಿಕ್ ಚೇನಿಯ ಹೆಸರು ಬಂತು.

ಇನ್ನೊಂದು ವಿಷಯ ನಾವು ಆಮೇಲೆ ಗಮನಿಸಿದೆವು. ಆ ಒಂದೆರಡು ನಿಮಿಷದ ಮಾತಿನಲ್ಲಿ ಆ ಜನರ ಹೆಸರನ್ನೇ ಯಾರೂ ಎತ್ತಲಿಲ್ಲ. ‘ಅವರು’, ‘ಬಂದ ಜನ’, ‘ವಲಸೆಯವರು’ - ಇಷ್ಟೇ. ಹೈಟಿಯವರು ಅನ್ನುವ ಒಂದು ಪದ ಇಲ್ಲ. ಹಳ್ಳಿಯಲ್ಲಿ ಹುಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತೆ. ‘ಆ ಕಡೆಯೋರು’, ‘ಕೆಳಗಿನೋರು’ ಅಂತಲೇ ಒಂದು ಪಂಚಾಯ್ತಿ ಪೂರ್ತಿ ನಡೆದುಹೋಗುತ್ತೆ. ಹೆಸರು ಹಿಡಿದು ಕರೆದರೆ ಎದ್ದು ನಿಂತು ಉತ್ತರ ಕೊಟ್ಟಾರು ಅನ್ನುವ ಭಯ.

*

ಈಗ ಮಾಧ್ಯಮದ ಕಥೆ. ಚರ್ಚೆ ಮುಗಿದ ಮರುಕ್ಷಣದಿಂದ ಎಲ್ಲೆಲ್ಲೂ ಒಂದೇ ಪ್ರಶ್ನೆ: ಗೆದ್ದೋರು ಯಾರು? ಸಿಎನ್‌ಎನ್ ಕೂಡಲೇ ಒಂದು ಸಮೀಕ್ಷೆ ಮಾಡಿ, ನೋಡಿದವರಲ್ಲಿ ಶೇಕಡಾ 63ರಷ್ಟು ಜನ ಹ್ಯಾರಿಸ್ ಚೆನ್ನಾಗಿ ಮಾಡಿದಳು ಅಂದರು, 37ರಷ್ಟು ಜನ ಟ್ರಂಪ್ ಅಂದರು ಅಂತ ಲೆಕ್ಕ ಕೊಟ್ಟಿತು. ಆಕೆ ಮೊದಲೇ ನಡೆದುಹೋಗಿ ಕೈ ಕುಲುಕಿದ್ದು, ಗಲ್ಲದ ಮೇಲೆ ಕೈಯಿಟ್ಟು ಅವನನ್ನು ನೋಡಿದ್ದು, ಹುಬ್ಬೇರಿಸಿದ್ದು, ಅವನು ಆಕೆಯ ಕಡೆ ತಿರುಗದೇ ಇದ್ದದ್ದು - ಇವೆಲ್ಲ ಗಂಟೆಗಟ್ಟಲೆ ಚರ್ಚೆಯಾದವು. ಚರ್ಚೆ ಮುಗಿದು ಸ್ವಲ್ಪ ಹೊತ್ತಿಗೆ ಗಾಯಕಿ ಟೇಲರ್ ಸ್ವಿಫ್ಟ್ ಬೆಕ್ಕು ಎತ್ತಿಕೊಂಡ ತನ್ನ ಫೋಟೋ ಹಾಕಿ ಹ್ಯಾರಿಸ್‌ಗೆ ಬೆಂಬಲ ಘೋಷಿಸಿದಳು. ಎಲ್ಲ ಕಡೆ ಆ ಬೆಕ್ಕಿನದೇ ಸುದ್ದಿ. ದಕ್ಷಿಣ ಆಫ್ರಿಕಾದ ಸಂಗೀತಗಾರನೊಬ್ಬ ಟ್ರಂಪನ ಆ ಮಾತಿಗೇ ತಾಳ ಮೇಳ ಹಚ್ಚಿ ಹಾಡು ಮಾಡಿದ. ಮಕ್ಕಳು ಅದಕ್ಕೆ ಕುಣಿದು ವಿಡಿಯೋ ಹಾಕಿದರು. ನಮ್ಮ ಹುಡುಗರ ಮೊಬೈಲಿಗೂ ಅದು ಬಂತು. ನಾವೂ ಮುಂದಕ್ಕೆ ಕಳಿಸಿದೆವು.

ಇದು ಗರಡಿ ಮನೆಯ ಭಾಷೆ. ಯಾರು ಯಾರನ್ನು ಚಿತ್ ಮಾಡಿದರು, ಯಾರ ಪಟ್ಟಿಗೆ ಯಾರು ಸಿಕ್ಕರು. ಕುಸ್ತಿ ನೋಡುವವರು ಮಣ್ಣಿನ ಬಗ್ಗೆ ಯೋಚಿಸುವುದಿಲ್ಲ. ಆವತ್ತಿನ ಕುಸ್ತಿ ನಡೆದದ್ದು ಸ್ಪ್ರಿಂಗ್‌ಫೀಲ್ಡಿನ ಹೈಟಿಯವರ ಬೆನ್ನ ಮೇಲೆ. ಜಟ್ಟಿಗಳಿಬ್ಬರನ್ನೂ ಕ್ಯಾಮರಾ ತೋರಿಸಿತು. ಬೆನ್ನು ತೋರಿಸಲಿಲ್ಲ.

ನಮ್ಮ ಪತ್ರಿಕೆ, ಚಾನೆಲ್ಲುಗಳು ಏನು ಕಮ್ಮಿಯೇ? ಅವರಿಗೆ ಬೇಕಾಗಿದ್ದದ್ದು ತಮಿಳುನಾಡಿನ ತುಳಸೇಂದ್ರಪುರ. ಹ್ಯಾರಿಸ್‌ಳ ತಾಯಿಯ ಕಡೆಯವರ ಆ ಊರಿನ ಗುಡಿಯಲ್ಲಿ ಆಕೆ ಗೆಲ್ಲಲಿ ಅಂತ ಪೂಜೆ ಮಾಡಿಸಿದ್ದು, ಊರಲ್ಲಿ ಬ್ಯಾನರ್ ಕಟ್ಟಿದ್ದು. ‘ನಮ್ಮ ಮೊಮ್ಮಗಳು’, ‘ಭಾರತದ ಮಗಳು’ ಅಂತ ಶೀರ್ಷಿಕೆ. ಆಕೆಯ ತಂದೆ ಡೊನಾಲ್ಡ್ ಹ್ಯಾರಿಸ್ ಜಮೈಕಾದ ಕಪ್ಪು ಮನುಷ್ಯ. ಅಪ್ಪನ ಸುದ್ದಿ ನಮ್ಮವರ ಬಾಯಲ್ಲಿ ಬರುವುದಿಲ್ಲ. ಬ್ರಾಹ್ಮಣ ತಾಯಿಯ ಮಗಳು ಬೇಕು, ಕಪ್ಪು ಅಪ್ಪನ ಮಗಳು ಬೇಡ. ಅದೇ ವರ್ಷದ ಜುಲೈ ಕೊನೆಯಲ್ಲಿ ಟ್ರಂಪ್ ಷಿಕಾಗೋದಲ್ಲಿ ಕಪ್ಪು ಪತ್ರಕರ್ತರ ಮುಂದೆಯೇ ಕೂತು, ಈಕೆ ಇದ್ದಕ್ಕಿದ್ದಂತೆ ಕಪ್ಪು ಹೆಂಗಸಾಗಿಬಿಟ್ಟಳು ಅಂತ ಹಂಗಿಸಿದ್ದ. ನಮ್ಮ ಮೇಲ್ಜಾತಿ ಪತ್ರಿಕೋದ್ಯಮ ಅದನ್ನೇ ಇನ್ನೊಂದು ಕಡೆಯಿಂದ ಮಾಡಿತು: ಆಕೆಯನ್ನು ಸದ್ದಿಲ್ಲದೆ ಕಪ್ಪಿನಿಂದ ಬಿಡಿಸಿಕೊಂಡು ತಂದು ಅಗ್ರಹಾರದಲ್ಲಿ ಕೂರಿಸಿತು. ಹೈಟಿಯವರ ಬಗ್ಗೆ ಒಂದು ಪುಟದ ಲೇಖನ ಬರೆಯಲು ಅದಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು?

*

ಹಾಗಾದರೆ ಸ್ಪ್ರಿಂಗ್‌ಫೀಲ್ಡ್ ಅಂದರೆ ಏನು? ಒಹಾಯೋ ರಾಜ್ಯದ ಒಂದು ಕಾರ್ಖಾನೆ ಊರು. 1960ರಲ್ಲಿ ಜನಸಂಖ್ಯೆ 80 ಸಾವಿರ ದಾಟಿತ್ತು. ಕಾರ್ಖಾನೆಗಳು ಹೋದವು, ಜನ ಹೋದರು, 2020ರ ಹೊತ್ತಿಗೆ 60 ಸಾವಿರಕ್ಕಿಂತ ಕಡಿಮೆಯಾಯಿತು. ಆಮೇಲೆ ಹೊಸ ಕೆಲಸಗಳು ಬಂದವು, ಮಾಡುವವರಿಲ್ಲ. ಆಗ ಬಂದವರು ಹೈಟಿಯವರು, 12ರಿಂದ 20 ಸಾವಿರ ಜನ ಅಂತ ಅಂದಾಜು. ಗೋದಾಮುಗಳಲ್ಲಿ, ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ, ಆಹಾರ ಪ್ಯಾಕ್ ಮಾಡುವಲ್ಲಿ ದುಡಿಯುವ ಜನ. ಬಹುಪಾಲು ಜನರಿಗೆ ತಾತ್ಕಾಲಿಕ ರಕ್ಷಣೆ ಎಂಬ ಕಾನೂನಿನ ಆಸರೆ ಇತ್ತು. ಕಳ್ಳದಾರಿಯಲ್ಲಿ ನುಗ್ಗಿ ಬಂದು ಕೂತವರು ಅನ್ನುವುದೂ ಸುಳ್ಳೇ.

ಜನ ಹೆಚ್ಚಾದಾಗ ಬಾಡಿಗೆ ಏರಿತು. ಆಸ್ಪತ್ರೆಯಲ್ಲಿ ಸಾಲು ಉದ್ದವಾಯಿತು. ಶಾಲೆಯಲ್ಲಿ ಬೇರೆ ಭಾಷೆಯ ಮಕ್ಕಳು ತುಂಬಿದರು. ಇವು ನಿಜವಾದ ಕಷ್ಟಗಳು. ಅಲ್ಲಿಯ ಬಡ ಬಿಳಿಯರ ಸಂಕಟವನ್ನು ನಾವು ಸುಳ್ಳು ಅನ್ನುವುದಿಲ್ಲ. ಆದರೆ ಬಾಡಿಗೆ ಏರಿಸಿದವನು ಯಾರು? ಮನೆ ಮಾಲೀಕ. ಕಡಿಮೆ ಕೂಲಿಗೆ ಹೆಚ್ಚು ದುಡಿಸಿಕೊಂಡವನು ಯಾರು? ಕಾರ್ಖಾನೆ ಯಜಮಾನ. ಆಸ್ಪತ್ರೆಗೆ ದುಡ್ಡು ಕೊಡದವನು ಯಾರು? ಸರ್ಕಾರ. ಈ ಮೂರೂ ಜನ ಚರ್ಚೆಯ ಹೊರಗೇ ಉಳಿದರು. ಬಡವನ ಸಿಟ್ಟು ಬಡವನ ಮಡಕೆಯ ಕಡೆ ತಿರುಗಿತು. ಭೂಮಿಯಿಲ್ಲದ ಮೇಲ್ಜಾತಿಯ ಬಡವನಿಗೆ ‘ನೋಡು, ನಿನ್ನ ಅನ್ನ ಕಿತ್ಕೊಂಡೋನು ಆ ಕೇರಿಯೋನು’ ಅಂತ ತೋರಿಸುವ ಗೌಡನ ಬೆರಳು ನಮಗೆ ಗೊತ್ತಿಲ್ಲವೇ?

ಸುಳ್ಳು ಹುಟ್ಟಿದ್ದೂ ಕೇಳಿ. ಯಾರದೋ ನೆರೆಮನೆಯವರ ಪರಿಚಯದವರ ಬೆಕ್ಕು ಕಳೆದುಹೋಯಿತಂತೆ ಅಂತ ಒಬ್ಬ ಹೆಂಗಸು ಫೇಸ್‌ಬುಕ್ಕಿನಲ್ಲಿ ಹಾಕಿದ್ದು. ನಾನು ಕಣ್ಣಾರೆ ಕಂಡದ್ದಲ್ಲ, ಹೀಗಾದೀತು ಅಂದುಕೊಂಡಿರಲಿಲ್ಲ ಅಂತ ಆಕೆಯೇ ಆಮೇಲೆ ಪತ್ರಕರ್ತರ ಮುಂದೆ ನೊಂದುಕೊಂಡಳು. ಆ ‘ಅಂತೆ’ಯನ್ನು ಒಹಾಯೋದ ಸೆನೆಟರ್ ಜೆ.ಡಿ. ವಾನ್ಸ್ ಎತ್ತಿಕೊಂಡ. ಅವನು ಟ್ರಂಪನ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವನು. ಚರ್ಚೆಯ ಹಿಂದಿನ ದಿನವೇ ಅವನು ಇದನ್ನು ಹಬ್ಬಿಸಿದ್ದ. ಮರುದಿನ ಅದು ಆರೂಮುಕ್ಕಾಲು ಕೋಟಿ ಜನರ ಮುಂದೆ ಬಂತು.

ಚರ್ಚೆ ನಡೆದ ಅದೇ ಸಂಜೆ ಸ್ಪ್ರಿಂಗ್‌ಫೀಲ್ಡಿನ ನಗರಸಭೆಯಲ್ಲಿ ಒಬ್ಬ ಬಿಳಿಯ ತಂದೆ ಎದ್ದು ನಿಂತಿದ್ದ. ಹಿಂದಿನ ವರ್ಷ ಹೈಟಿಯವನೊಬ್ಬನ ವಾಹನ ಶಾಲಾ ಬಸ್ಸಿಗೆ ಬಡಿದು ಅವನ ಮಗ ಸತ್ತಿದ್ದ. ಆ ಸಾವನ್ನು ರಾಜಕಾರಣಿಗಳು ಕೊಲೆ ಅಂತ ಸಾರಿದ್ದರು. ಆ ತಂದೆ ಹೇಳಿದ್ದರ ಸಾರ: ಅದು ಅಪಘಾತ, ಕೊಲೆಯಲ್ಲ. ನನ್ನ ಮಗನ ಸಾವನ್ನು ದ್ವೇಷಕ್ಕೆ ಬಳಸಬೇಡಿ. ಅಧ್ಯಕ್ಷೀಯ ಚರ್ಚೆಯಲ್ಲಿ ಬರಬೇಕಾಗಿದ್ದ ಮಾತು ಇದು. ಅದು ಬಂದದ್ದು ಒಂದು ಸಣ್ಣ ಊರಿನ ಸಭೆಯಲ್ಲಿ, ಮಗನನ್ನು ಕಳೆದುಕೊಂಡವನ ಬಾಯಲ್ಲಿ.

ಎರಡು ದಿನ ಕಳೆಯುವುದರೊಳಗೆ ಬಾಂಬ್ ಬೆದರಿಕೆ ಶುರುವಾದವು. ನಗರಸಭೆ ಖಾಲಿ ಮಾಡಿಸಿದರು. ಶಾಲೆಗಳಿಂದ ಮಕ್ಕಳನ್ನು ಹೊರಗೆ ಕಳಿಸಿದರು. ಕಾಲೇಜುಗಳು ಬಾಗಿಲು ಹಾಕಿದವು. ಒಂದು ಸಾಂಸ್ಕೃತಿಕ ಹಬ್ಬ ರದ್ದಾಯಿತು. ರಾಜ್ಯದ ಗವರ್ನರ್ ಮೈಕ್ ಡಿವೈನ್ - ಟ್ರಂಪನದೇ ಪಕ್ಷದವನು - ಕನಿಷ್ಠ 33 ಬೆದರಿಕೆ ಬಂದಿವೆ, ಎಲ್ಲವೂ ಹುಸಿ ಅಂತ ಲೆಕ್ಕ ಕೊಟ್ಟು, ದಿನಾ ಶಾಲೆ ತಪಾಸಣೆಗೆ ರಾಜ್ಯದ ಪೊಲೀಸರನ್ನು ಕಳಿಸಬೇಕಾಯಿತು. ಹೈಟಿಯ ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸಲು ಹೆದರಿದರು. ನಾವು ಹಾಡು ಹಂಚಿಕೊಂಡು ನಗುತ್ತಿದ್ದ ವಾರ ಅದು.

*

ಊಟವನ್ನು ಹಿಡಿದು ಮನುಷ್ಯನನ್ನು ಅಳೆಯುವುದು ಅಮೆರಿಕ ಕಂಡುಹಿಡಿದ ವಿದ್ಯೆಯಲ್ಲ. ಅದರಲ್ಲಿ ನಮ್ಮ ದೇಶ ಗುರುಪೀಠ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಹುಟ್ಟಿನ ಬಗ್ಗೆ ಬರೆದ ಪುಸ್ತಕದಲ್ಲಿ, ದನದ ಮಾಂಸ ತಿನ್ನುವುದಕ್ಕೂ ಅಸ್ಪೃಶ್ಯತೆಗೂ ಇರುವ ಗಂಟನ್ನೇ ಬಿಚ್ಚಲು ಹೊರಟರು. 2015ರಲ್ಲಿ ದಾದ್ರಿಯ ಹತ್ತಿರದ ಹಳ್ಳಿಯಲ್ಲಿ ಗುಡಿಯ ಮೈಕಿನಲ್ಲಿ ಒಂದು ‘ಅಂತೆ’ ಕೂಗಿದ ಮೇಲೆ ಮೊಹಮ್ಮದ್ ಅಖ್ಲಾಕ್‌ನನ್ನು ಮನೆಯಿಂದ ಎಳೆದು ಕೊಂದರು. ಆಮೇಲೆ ಪೊಲೀಸರು ಮಾಂಸವನ್ನು ಪರೀಕ್ಷೆಗೆ ಕಳಿಸಿದರು. ಟಿ.ವಿ.ಗಳು ವಾರಗಟ್ಟಲೆ ಕೇಳಿದ್ದು: ಅದು ಆಡಿನದೋ, ಹಸುವಿನದೋ? ಆಡಿನದಾದರೆ ಕೊಲೆ ತಪ್ಪು, ಹಸುವಿನದಾದರೆ? 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತರನ್ನು ಕಟ್ಟಿ ಹೊಡೆದು, ಹೊಡೆದವರೇ ವಿಡಿಯೋ ಮಾಡಿ ಹಂಚಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಸುಳ್ಳನ್ನು ಸುಳ್ಳು ಅನ್ನುವುದು ಬೇಕು. ಆದರೆ ಅಷ್ಟೇ ಸಾಲದು. ‘ಅವರು ತಿಂದಿಲ್ಲ, ನಾವು ವಿಚಾರಿಸಿದ್ದೇವೆ’ ಅಂದಾಗ, ಅವರು ಏನು ತಿಂದರು ಅಂತ ವಿಚಾರಿಸುವ ಹಕ್ಕು ನಮಗಿದೆ ಅನ್ನುವುದನ್ನೂ ಒಪ್ಪಿಕೊಂಡ ಹಾಗಾಯಿತು. ಚರ್ಚೆಯ ಹೊತ್ತಿನಲ್ಲೇ ಬಲಪಂಥೀಯನೊಬ್ಬ, ಹೈಟಿಯವರು ಬೆಕ್ಕು ತಿಂದದ್ದಕ್ಕೆ ಸಾಕ್ಷಿ ತಂದವರಿಗೆ 5,000 ಡಾಲರ್ ಬಹುಮಾನ ಅಂತ ಸಾರಿದ. ಪತ್ರಕರ್ತರು ಆ ಊರಿಗೆ ಹೋಗಿ ಬೀದಿ ಬೀದಿ ಅಲೆದರು. ಒಂದು ಸಮುದಾಯ ಪೂರ್ತಿ ‘ನಾವು ತಿಂದಿಲ್ಲ ಸ್ವಾಮಿ’ ಅಂತ ಕೈಮುಗಿದು ನಿಲ್ಲಬೇಕಾಯಿತು. ಅಪರಾಧ ಹೊರಿಸಿದವನು ಕಟಕಟೆಗೆ ಬರಲಿಲ್ಲ. ಮಡಕೆ ಬಂತು. ಇನ್ನೊಬ್ಬರ ಮಡಕೆಯೊಳಗೆ ಇಣುಕುವ ಹಕ್ಕು ನಿಂಗೆ ಯಾರು ಕೊಟ್ಟರು ಅನ್ನುವ ಪ್ರಶ್ನೆಯನ್ನು ಆ ತೊಂಬತ್ತು ನಿಮಿಷದಲ್ಲಿ ಯಾರಾದರೂ ಕೇಳಬೇಕಿತ್ತು. ನಿರೂಪಕ ಕೇಳಲಿಲ್ಲ. ಹ್ಯಾರಿಸ್ ಕೇಳಲಿಲ್ಲ. ಕೇಳಬೇಕಾಗಿದ್ದ ನಾವು ನಗುತ್ತಿದ್ದೆವು.

ಸುಳ್ಳು ಅಂತ ಸಾಬೀತಾದ ಮೇಲೆ ಸುಳ್ಳು ಸಾಯುತ್ತದೆ ಅಂತ ನಂಬಿದವರಿಗೆ ವಾನ್ಸನೇ ಪಾಠ ಹೇಳಿದ. ಸೆಪ್ಟೆಂಬರ್ 15ರಂದು ಟಿ.ವಿ. ಸಂದರ್ಶನದಲ್ಲಿ, ಅಮೆರಿಕದ ಜನರ ಕಷ್ಟದ ಕಡೆ ಮಾಧ್ಯಮ ಗಮನ ಕೊಡಲಿ ಅಂತ ಕಥೆ ಹುಟ್ಟಿಸಬೇಕಾದರೆ ನಾನು ಹುಟ್ಟಿಸುತ್ತೇನೆ, ಅನ್ನುವ ಅರ್ಥದಲ್ಲಿ ನೇರವಾಗಿ ಹೇಳಿಬಿಟ್ಟ. ಹಾಗೆ ಹೇಳಿದವನು ಮುಂದಿನ ಜನವರಿಯಲ್ಲಿ ಉಪಾಧ್ಯಕ್ಷನಾಗಿ ಪ್ರಮಾಣ ಮಾಡಿದ.

ಹ್ಯಾರಿಸ್‌ಗೂ ನ್ಯಾಯವಾಗಿ ಹೇಳಬೇಕು. ಒಂದು ವಾರದ ಮೇಲೆ, ಸೆಪ್ಟೆಂಬರ್ 17ರಂದು, ಅದೇ ಫಿಲಡೆಲ್ಫಿಯಾದಲ್ಲಿ ಕಪ್ಪು ಪತ್ರಕರ್ತರ ಮುಂದೆ ಆಕೆ ಇದು ನಾಚಿಕೆಗೇಡು, ಆ ಜನರಿಗಾಗಿ ನನ್ನ ಹೃದಯ ನೋಯುತ್ತದೆ ಎಂದಳು. ಒಳ್ಳೆಯದು. ಆದರೆ ಅವಮಾನ ನಡೆದದ್ದು ಊರ ಮುಂದಿನ ಕಟ್ಟೆಯಲ್ಲಿ, ಸಮಾಧಾನ ಹೇಳಿದ್ದು ಹಿತ್ತಿಲಲ್ಲಿ. ಎರಡನ್ನೂ ಕೇಳಿಸಿಕೊಂಡ ಕಿವಿಗಳ ಲೆಕ್ಕ ಒಂದೇ ಅಲ್ಲ.

*

ಹೀಗೆ ಹಂಗಿಸಲ್ಪಟ್ಟ ಹೈಟಿಯವರು ಯಾರು ಅಂತ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. 1791ರಲ್ಲಿ ಕಬ್ಬಿನ ಗದ್ದೆಗಳ ಗುಲಾಮರು ಅಲ್ಲಿ ಬಂಡೆದ್ದರು. ತೂಸೆಂ ಲೂವರ್ತ್ಯೂರ್, ಡೆಸಾಲಿನ್ ಅಂಥವರ ಮುಂದಾಳತ್ವದಲ್ಲಿ ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿ, 1804ರಲ್ಲಿ ತಮ್ಮದೇ ದೇಶ ಕಟ್ಟಿದರು. ಗುಲಾಮರೇ ಎದ್ದು ಕಟ್ಟಿದ ಮೊದಲ ಕಪ್ಪು ಗಣರಾಜ್ಯ. ಅದಕ್ಕೆ ಸಿಕ್ಕ ಬಹುಮಾನ ಏನು? 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ದಂಡ ಕೇಳಿತು. ಯಾತಕ್ಕೆ? ಗುಲಾಮರನ್ನು ಕಳೆದುಕೊಂಡ ಯಜಮಾನರ ನಷ್ಟಕ್ಕೆ! ಬಿಡುಗಡೆಯಾದ ಜೀತದಾಳು ಧಣಿಗೆ ತನ್ನ ಬೆಲೆ ತಾನೇ ಕಟ್ಟಿಕೊಡಬೇಕು. ಆಮೇಲೆ ಆ ಮೊತ್ತ ಕಮ್ಮಿಯಾದರೂ ಸಾಲ ತೀರಿಸುವುದರಲ್ಲಿ ತಲೆಮಾರುಗಳು ಸವೆದವು. ಅಮೆರಿಕ ಆ ದೇಶವನ್ನು ಒಪ್ಪಿಕೊಂಡದ್ದೇ 1862ರಲ್ಲಿ. 1915ರಿಂದ 1934ರವರೆಗೆ ತನ್ನ ಸೈನ್ಯ ಕೂರಿಸಿ ಆಳಿತು. ಇಷ್ಟೆಲ್ಲ ಮಾಡಿ, ಈಗ ಆ ಜನ ಹೊಟ್ಟೆಪಾಡಿಗೆ ಬಂದು ಬಾಗಿಲಲ್ಲಿ ನಿಂತರೆ, ನಾಯಿ ತಿನ್ನೋರು!

ಚರ್ಚೆಯಲ್ಲಿ ಈ ಚರಿತ್ರೆಗೆ ಒಂದು ನಿಮಿಷ ಸಿಕ್ಕಿದ್ದರೆ ನಗು ಬರುತ್ತಿತ್ತೇ? ಚರಿತ್ರೆ ಕಿತ್ತುಹಾಕಿದ ಮೇಲೇ ಮನುಷ್ಯ ನಗೆಪಾಟಲಾಗುವುದು.

*

ಆ ವೇದಿಕೆ ಯಾರದು ಅಂತಲೂ ಕೇಳಬೇಕು. 1972ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಲು ಹೊರಟ ಮೊದಲ ಕಪ್ಪು ಹೆಂಗಸು ಶರ್ಲಿ ಚಿಶೋಮ್. ಟಿ.ವಿ. ಚರ್ಚೆಯಿಂದ ಆಕೆಯನ್ನು ಹೊರಗಿಟ್ಟರು. ಆಕೆ ಕಾನೂನಿನ ಮೊರೆ ಹೋಗಿ ಟಿ.ವಿ. ಸಮಯ ಪಡೆಯಬೇಕಾಯಿತು. 1976ರಿಂದ ಮೂರು ಚುನಾವಣೆಗಳ ಚರ್ಚೆ ನಡೆಸಿದ್ದು ಮಹಿಳಾ ಮತದಾರರ ಸಂಘ. 1987ರಲ್ಲಿ ಎರಡೂ ದೊಡ್ಡ ಪಕ್ಷಗಳು ಸೇರಿ ತಮ್ಮದೇ ಒಂದು ಆಯೋಗ ಮಾಡಿಕೊಂಡವು. ಮರುವರ್ಷ ಆ ಸಂಘ, ಎರಡೂ ಕಡೆಯವರು ಒಳಗೊಳಗೇ ಷರತ್ತು ಹಾಕಿಕೊಂಡು ಮತದಾರರಿಗೆ ಮೋಸ ಮಾಡುತ್ತಿದ್ದಾರೆ, ಇದರಲ್ಲಿ ನಾವಿಲ್ಲ ಅಂತ ಹೊರನಡೆಯಿತು. 2012ರಲ್ಲಿ ಗ್ರೀನ್ ಪಕ್ಷದ ಅಭ್ಯರ್ಥಿ ಜಿಲ್ ಸ್ಟೈನ್ ಚರ್ಚೆ ನಡೆಯುವ ವಿಶ್ವವಿದ್ಯಾಲಯದೊಳಗೆ ಹೋಗಲು ಯತ್ನಿಸಿದಾಗ ಪೊಲೀಸರು ಹಿಡಿದು ಗಂಟೆಗಟ್ಟಲೆ ಕುರ್ಚಿಗೆ ಬಿಗಿದು ಕೂರಿಸಿದರು. 2024ರಲ್ಲಿ ಆಯೋಗವೂ ಇಲ್ಲ, ಟಿ.ವಿ. ಕಂಪನಿಗಳದೇ ಯಜಮಾನಿಕೆ.

ಇದೇ ಫಿಲಡೆಲ್ಫಿಯಾದಲ್ಲಿ 1976ರ ಸೆಪ್ಟೆಂಬರಿನಲ್ಲಿ ಫೋರ್ಡ್ ಮತ್ತು ಕಾರ್ಟರ್ ಚರ್ಚೆ ನಡೆದಿತ್ತು. ನಡುವೆ ಧ್ವನಿಯಂತ್ರ ಕೆಟ್ಟು 27 ನಿಮಿಷ ಮಾತು ನಿಂತುಹೋಯಿತು. ಅಷ್ಟೂ ಹೊತ್ತು ದೇಶದ ಅಧ್ಯಕ್ಷನೂ, ಆಗಬೇಕೆಂದವನೂ ತಮ್ಮ ತಮ್ಮ ಜಾಗದಲ್ಲಿ ಗೊಂಬೆಗಳ ಹಾಗೆ ನಿಂತೇ ಇದ್ದರು. ಒಬ್ಬರಿಗೊಬ್ಬರು ಮಾತಾಡಲಿಲ್ಲ. ಮೈಕಿಲ್ಲದಿದ್ದರೆ ಆಡಲು ಮಾತೂ ಇಲ್ಲ! ಕೇಳಿಸಿಕೊಳ್ಳುವ ಮನುಷ್ಯ ಎದುರಿಗಿದ್ದಾನೆ ಅನ್ನುವ ನಂಬಿಕೆ ಇದ್ದಿದ್ದರೆ ಅವರು ಹಾಗೆ ನಿಲ್ಲುತ್ತಿರಲಿಲ್ಲ.

ಇದನ್ನು ಓದಿ ಕೆಲವು ಗೆಳೆಯರು ಕೇಳಬಹುದು: ‘ಅಷ್ಟಾದರೂ ಅಲ್ಲಿದೆಯಲ್ಲ? ನಮ್ಮಲ್ಲಿ ಅದೂ ಇಲ್ಲವಲ್ಲ?’ ಸರಿಯಾದ ಪ್ರಶ್ನೆ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಷಾ ಮತ್ತು ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರನ್ನೂ ಬಹಿರಂಗ ಚರ್ಚೆಗೆ ಕರೆದರು. ರಾಹುಲ್ ಒಪ್ಪಿದರು. ಚರ್ಚೆ ನಡೆಯಲೇ ಇಲ್ಲ. ಎದುರು ನಿಂತು ಉತ್ತರ ಕೊಡುವುದು ಆಳುವವರ ಕರ್ತವ್ಯ ಅನ್ನುವುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಅಂಥ ಚರ್ಚೆ ನಾಳೆ ನಮ್ಮಲ್ಲಿ ನಡೆದರೂ ನಾವು ಕೇಳುವ ಪ್ರಶ್ನೆ ಬೇರೆ. ಪ್ರಶ್ನೆ ಕೇಳುವವರ ಸಾಲಿನಲ್ಲಿ ಪೌರಕಾರ್ಮಿಕ ಹೆಂಗಸು ಇರುತ್ತಾಳಾ? ಮ್ಯಾನ್‌ಹೋಲಿಗೆ ಗಂಡನನ್ನು ಕಳೆದುಕೊಂಡವಳು ಇರುತ್ತಾಳಾ? ಅಥವಾ ಎಂಟು ಕಿಟಕಿಯಲ್ಲಿ ಎಂಟು ಜನ ಕೂತು ಕಿರುಚುವ ನಮ್ಮ ಟಿ.ವಿ.ಯ ಒಂಬತ್ತನೇ ಕಿಟಕಿ ಆಗುತ್ತಾ ಅದು?

ಅಂಥ ಪ್ರಶ್ನೆ ಕೇಳುವ ಶಕ್ತಿ ನಮ್ಮವರಿಗಿಲ್ಲ ಅಂತ ಯಾರೂ ಅನ್ನಬೇಡಿ. 2021ರ ಡಿಸೆಂಬರಿನಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳ ಶಾಲೆಯಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡವೆಂದರು. ಟಿ.ವಿ.ಯಲ್ಲಿ ಪಂಡಿತರೆಲ್ಲ ಕೂತು ಮಕ್ಕಳ ತಟ್ಟೆಯ ಬಗ್ಗೆ ತೀರ್ಪು ಕೊಟ್ಟರು. ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ ನೇರವಾಗಿ ಕ್ಯಾಮರಾ ಮುಂದೆ ನಿಂತು, ಮೊಟ್ಟೆ ನಮಗೆ ಬೇಕು, ಬೇಡ ಅಂದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅನ್ನುವಂಥ ಮಾತು ಆಡಿದಳು. ಯಾರ ತಟ್ಟೆಯೋ ಅವರೇ ಮಾತಾಡಿದರು. ಅರ್ಧ ನಿಮಿಷದ ಆ ಮಾತಿಗೆ ಮಠಗಳು ತಡಬಡಾಯಿಸಿದವು. ಫಿಲಡೆಲ್ಫಿಯಾದ ತೊಂಬತ್ತು ನಿಮಿಷದಲ್ಲಿ ಇಲ್ಲದೇ ಹೋದದ್ದು ಆ ಅರ್ಧ ನಿಮಿಷ.

ಸ್ಪ್ರಿಂಗ್‌ಫೀಲ್ಡಿನಲ್ಲೂ ಜನ ಸುಮ್ಮನೆ ಕೂರಲಿಲ್ಲ. ಹೈಟಿಯನ್ ಬ್ರಿಜ್ ಅಲಯನ್ಸ್ ಎಂಬ ಸಂಘಟನೆ ಸೆಪ್ಟೆಂಬರ್ 24ರಂದು ಅಲ್ಲಿಯ ಕೋರ್ಟಿನಲ್ಲಿ ಟ್ರಂಪ್ ಮತ್ತು ವಾನ್ಸ್ ಮೇಲೆ ಕ್ರಿಮಿನಲ್ ದೂರು ಹೂಡಿತು. ಊರಿನ ಎಷ್ಟೋ ಜನ ಬಿಳಿಯರು, ಕಪ್ಪು ಜನರು ಹೈಟಿಯವರ ಹೋಟೆಲಿಗೆ ಹೋಗಿ ಸಾಲಿನಲ್ಲಿ ನಿಂತು ಉಂಡುಬಂದರು. ಇದನ್ನು ಓದಿದಾಗ ನಮಗೆ ನಮ್ಮ ಸಹಪಂಕ್ತಿ ಭೋಜನಗಳು ನೆನಪಾದವು. ಮಡಕೆಗೆ ಕಟ್ಟಿದ ಸುಳ್ಳಿಗೆ ಅದೇ ಮಡಕೆಯ ಅನ್ನ ಉಂಡು ಕೊಟ್ಟ ಉತ್ತರ. ನಾಯಿ ಹಾಡು ಬಂದ ಮೊಬೈಲಿಗೆ ಈ ಸುದ್ದಿ ಮಾತ್ರ ಬರಲಿಲ್ಲ.

*

ಕೊನೆಗೆ ಏನಾಯಿತು ಎಲ್ಲರಿಗೂ ಗೊತ್ತು. ಚರ್ಚೆ ಗೆದ್ದವಳು ನವೆಂಬರ್ 5ರ ಚುನಾವಣೆ ಸೋತಳು. ನಗೆಪಾಟಲಾದವನು 312 ಮತಗಳಿಂದ ಅಧ್ಯಕ್ಷನಾದ. 2025ರ ಜೂನ್‌ನಲ್ಲಿ ಅವನ ಸರ್ಕಾರ ಹೈಟಿಯವರ ತಾತ್ಕಾಲಿಕ ರಕ್ಷಣೆಯನ್ನು ತೆಗೆದುಹಾಕುವುದಾಗಿ ಪ್ರಕಟಿಸಿತು. ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. ನಗು ಸುಳ್ಳನ್ನು ಸೋಲಿಸಲಿಲ್ಲ. ನಕ್ಕವರೆಲ್ಲ ಅದನ್ನು ಹೊತ್ತುಕೊಂಡು ಮನೆ ಮನೆಗೆ ಮುಟ್ಟಿಸಿದರು ಅಷ್ಟೆ. ಅವರಲ್ಲಿ ನಾವೂ ಇದ್ದೆವು.

1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್‌ಗೆ ಪತ್ರ ಬರೆದು, ನಿಮ್ಮ ಜನರ ಸ್ಥಿತಿಗೂ ನಮ್ಮ ಜನರ ಸ್ಥಿತಿಗೂ ಇರುವ ಹೋಲಿಕೆಯ ಬಗ್ಗೆ ಹೇಳಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ಎತ್ತಿಕೊಂಡು ದಲಿತ ಪ್ಯಾಂಥರ್ ಕಟ್ಟಿದರು. ಇಂಥ ನೆಂಟಸ್ತಿಕೆ ಇರುವ ನಾವು, ಸ್ಪ್ರಿಂಗ್‌ಫೀಲ್ಡಿನ ಮಾತು ಕೇಳಿದ ಕೂಡಲೇ ‘ಇದು ನಮಗೆ ಅಂದ ಮಾತು’ ಅಂತ ಗುರುತು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಪದವಿ ಬಂದಿದೆ, ಇಂಗ್ಲಿಷ್ ಬಂದಿದೆ, ಮೊಬೈಲ್ ಬಂದಿದೆ. ನೋವನ್ನು ಗುರುತಿಸುವ ಕಿವಿ ಮಂದವಾಗಿದೆ. ಇದನ್ನು ಟ್ರಂಪನ ಮೇಲೆ ಹಾಕಲು ಬರುವುದಿಲ್ಲ.

ಆ ಮೇಷ್ಟ್ರು ಮಾರನೇ ವಾರ ತಮ್ಮ ಏಳನೇ ಕ್ಲಾಸಿನ ಮಕ್ಕಳಿಗೆ ಆ ತುಣುಕು ತೋರಿಸಿದರಂತೆ. ಮಕ್ಕಳೂ ನಕ್ಕವು. ಅವರು ಬೈಯಲಿಲ್ಲ. ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದರು. ಮಾತಾಡ್ತಿರೋರು ಯಾರು? ಯಾರ ಬಗ್ಗೆ ಮಾತಾಡ್ತಿದ್ದಾರೆ? ಆ ಜನ ಎಲ್ಲಿದ್ದಾರೆ?

ಮೂರನೇ ಪ್ರಶ್ನೆಗೆ ಕ್ಲಾಸು ಸುಮ್ಮನಾಯಿತಂತೆ. ಸ್ವಲ್ಪ ಹೊತ್ತಿನ ಮೇಲೆ, ಹಿಂದಿನ ಸಾಲಿನಲ್ಲಿ ಕೂರುವ ಕೇರಿಯ ಹುಡುಗಿ ಎದ್ದು ನಿಂತು, ‘ಅವರನ್ನ ಒಳಿಕೆ ಬಿಟ್ಟಿಲ್ಲ ಸಾ’ ಅಂದಳಂತೆ.

ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲೂ ಇಂಥ ಹುಡುಗಿ ಇದ್ದಾಳೆ. ಟಿ.ವಿ.ಯಲ್ಲಿ ಯಾವ ಚರ್ಚೆ ಬಂದರೂ ಈ ಮೂರು ಪ್ರಶ್ನೆ ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಆ ಹುಡುಗಿ ಏಳುವವರೆಗೆ ಕಾಯಿರಿ. ಗೆದ್ದೋರು ಯಾರು ಅನ್ನುವುದನ್ನು ಆಮೇಲೆ ನೋಡೋಣ.